ಹೆಸರಿಲ್ಲದ ತೊಟ್ಟಿಲುಗಳು

ಕಲಬುರಗಿಯಲ್ಲಿ ಬಿಸಿಲು ಐವತ್ತು ಡಿಗ್ರಿ ದಾಟಿದ ವಾರದಲ್ಲೇ ಮೂರು ಕೂಸುಗಳು ಚಳಿಗೆ ಸತ್ತವು.

ಚಳಿಗೆ ಸತ್ತವು ಎಂದು ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವನ ತಲೆ ನೆಟ್ಟಗಿದೆಯೇ ಎಂದು ಜನ ಕೇಳುತ್ತಿದ್ದರು. ರಸ್ತೆಯ ಡಾಂಬರು ಚಪ್ಪಲಿಗೆ ಮೆತ್ತಿಕೊಳ್ಳುವ ಊರಿನಲ್ಲಿ, ಬೆಳಗಿನ ಹತ್ತಕ್ಕೇ ಅಂಗಡಿಗಳು ಬಾಗಿಲೆಳೆದುಕೊಳ್ಳುವ ಕಾಲದಲ್ಲಿ, ಚಳಿ ಎಲ್ಲಿಂದ ಬರಬೇಕು? ವೈದ್ಯರು ಉಸಿರು ನಿಂತಿದೆ ಎಂದಷ್ಟೇ ಬರೆದುಕೊಟ್ಟರು. ಮೂರನೆಯ ಕೂಸಿನ ಮನೆಯಲ್ಲಂತೂ, ಬಾಣಂತಿ ಮೈಮರೆತು ಮಲಗಿದ್ದಕ್ಕೇ ಹೀಗಾಯಿತು ಎಂದು ಅತ್ತೆ ಅಂದಳಂತೆ, ಓಣಿಯವರೆಲ್ಲ ಹೌದು ಹೌದು ಅಂದರಂತೆ, ಹನ್ನೊಂದು ದಿನದ ಹಸಿ ಬಾಣಂತಿಯನ್ನು ತವರಿಗೆ ಅಟ್ಟಿದರಂತೆ. ಜನರ ಬಾಯಿಗೆ ಏನು ಬೇಕು, ಬೈಯಲು ಒಬ್ಬಳು ಹೆಣ್ಣುಮಗಳು ಸಿಕ್ಕರೆ ಸಾಕು.

ಈ ಸುದ್ದಿಯನ್ನು ಮಹಾನಂದಾ ಹೊಸಮನಿ ಹಾಲಿನವಳ ಬಾಯಿಂದ ಕೇಳಿದ್ದಳು. ಅವಳ ಮನೆಯಲ್ಲೂ ಬಾಣಂತಿ ಇದ್ದಳು. ಒಬ್ಬಳೇ ಮಗಳು ದಾನೇಶ್ವರಿ ಹೆರಿಗೆಗೆ ಬಂದು, ಹೆಣ್ಣು ಹೆತ್ತು, ಅಂದಿಗೆ ಒಂಬತ್ತು ದಿನ. ಹದಿಮೂರಕ್ಕೆ ಹೆಸರಿಡುವುದಿತ್ತು. ಅಲ್ಲಿಯತನಕ ಅದಕ್ಕೆ ಹೆಸರಿಲ್ಲ, ಬರೀ ಕೂಸು. ಹೆಸರನ್ನು ಮೊದಲು ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯದು. ಆ ಸೋದರತ್ತೆ ಶಹಾಬಾದದಿಂದ ದಿನಕ್ಕೆರಡು ಸಲ ಫೋನು ಮಾಡಿ, ನಾನು ಬರುವ ತನಕ ಯಾರೂ ಏನೂ ಕರೆಯಕೂಡದು ಎಂದು ತಾಕೀತು ಮಾಡುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಮಹಾನಂದಾ ಕೂಸಿಗೆ ಎಣ್ಣೆ ತಿಕ್ಕಿ ಎರೆದಳು, ಲೋಬಾನದ ಹೊಗೆ ಹಿಡಿದಳು, ಬೆಚ್ಚಗೆ ಸುತ್ತಿ ಮಗಳ ಮಡಿಲಿಗೆ ಕೊಟ್ಟಳು. ದಾನೇಶ್ವರಿ ಮೊಲೆ ಕುಡಿಸುತ್ತಾ ಒಂದು ಮಾತು ತೆಗೆದಳು. ಎರಡು ದಿನದಿಂದ ಮಧ್ಯಾಹ್ನ ಕೂಸು ತೊಟ್ಟಿಲಿನಲ್ಲಿ ಅಳುವುದೇ ಇಲ್ಲ, ನಿನ್ನೆ ನಾಲ್ಕಕ್ಕೆ ಮುಚ್ಚಳ ತೆಗೆದಾಗ ಕಾಲು ಥಂಡಿಯಾಗಿದ್ದವು ಎಂದಳು.

ಮಹಾನಂದಾ ನಕ್ಕುಬಿಟ್ಟಳು. ಹೊರಗೆ ಬೆಂಕಿ ಸುರಿಯುವಾಗ ಕಾಲು ತಂಪಾಗಿದ್ದರೆ ಪುಣ್ಯ ಮಾಡಿದ್ದೀಯ ಅಂದುಕೋ, ತಂಪುತೊಟ್ಟಿಲು ಇರುವುದೇ ಅದಕ್ಕೆ ಎಂದಳು. ಬಾಣಂತಿಯರಿಗೆ ಸುಮ್ಮಸುಮ್ಮನೆ ಹೆದರಿಕೆ ಜಾಸ್ತಿ ಎಂದೂ ಸೇರಿಸಿದಳು. ಕೆಲಸಕ್ಕೆ ಹೊರಡುವ ಮೊದಲು ಕೂಸನ್ನು ತಾನೇ ತೊಟ್ಟಿಲಿನಲ್ಲಿ ಮಲಗಿಸಿದಳು.

ಆ ಹೊತ್ತಿಗೆ ಊರಿನಲ್ಲಿ ತಂಪುತೊಟ್ಟಿಲಿಲ್ಲದ ಬಾಣಂತಿ ಕೋಣೆಯೇ ಇರಲಿಲ್ಲ. ಬಿಸಿಲು ನಲವತ್ತೆಂಟು ದಾಟಿದ ವರ್ಷದಿಂದ ತಂಪು ಮಂಡಳಿಯವರು ಮನೆಮನೆಗೂ ಅದನ್ನು ಕೊಟ್ಟಿದ್ದರು. ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಮುಚ್ಚಳ, ಕೆಳಗೆ ಗಾಳಿ ತಂಪಾಗಿಸುವ ಯಂತ್ರ, ಹೊಟ್ಟೆಯಲ್ಲಿ ಬ್ಯಾಟರಿ. ಎಷ್ಟು ತಂಪು ಬೇಕು ಎಂಬುದನ್ನು ಮಂಡಳಿಯ ಕಂಪ್ಯೂಟರ್ ತೀರ್ಮಾನಿಸುತ್ತಿತ್ತು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚಳ ತಾನೇ ಬಿಗಿದುಕೊಳ್ಳುತ್ತಿತ್ತು, ಯಾರಾದರೂ ಮಮತೆಯಿಂದ ತೆಗೆದು ಕೂಸಿಗೆ ಬಿಸಿ ಝಳ ಬಡಿಸಬಾರದೆಂದು. ಒಳಗೆ ಬಹಳ ತಂಪಾದರೆ ಯಂತ್ರ ನಿಲ್ಲಬೇಕು, ಮುಚ್ಚಳ ಬಿಟ್ಟುಕೊಳ್ಳಬೇಕು. ಹಾಗೆಂದು ಬರೆದಿದ್ದರು. ಊರಿನಲ್ಲಿ ಇಂಥವು ಹನ್ನೊಂದು ಸಾವಿರ ಇದ್ದವು.

ಆ ಕಂಪ್ಯೂಟರನ್ನು ನೋಡಿಕೊಳ್ಳುವವರಲ್ಲಿ ಮಹಾನಂದಾ ಹಳಬಳು. ಮಂಡಳಿಯ ನೆಲಮಾಳಿಗೆಯ ನಿಯಂತ್ರಣ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತು ಅವಳ ಸೊಂಟ ಹಿಡಿದುಹೋಗಿತ್ತು. ತೊಟ್ಟಿಲುಗಳ ತಂತ್ರಾಂಶ ಇದ್ದದ್ದು ಪಿಎಚ್‌ಪಿ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಹೊಸದಾಗಿ ಸೇರಿದ ಎಂಜಿನಿಯರುಗಳು ಆ ಹೆಸರು ಕೇಳಿದರೆ ಮುಖ ಕಿವುಚುತ್ತಿದ್ದರು. ನಡೆಯುತ್ತಿರುವುದನ್ನು ಮುಟ್ಟಬೇಡಿ ಎಂಬುದು ಕಚೇರಿಯ ಅಲಿಖಿತ ನಿಯಮ, ಹಾಗಾಗಿ ಅದು ನಡೆದುಕೊಂಡೇ ಬಂದಿತ್ತು.

ಹನ್ನೆರಡು ಗಂಟೆಗೆ ಪಾಳಿಯ ಮುಖ್ಯಸ್ಥರಾದ ಇರ್ಫಾನ್ ಪಟೇಲರು ಅವಳ ಮೇಜಿನ ಬಳಿ ಬಂದು ನಿಂತರು. ಸದಾ ಏನಾದರೊಂದು ಚೇಷ್ಟೆ ಮಾತಾಡುವ ಮನುಷ್ಯ, ಅಂದು ಮುಖ ಕಪ್ಪಿಟ್ಟಿತ್ತು. ಮೂರು ಕೂಸುಗಳೂ ಸತ್ತದ್ದು ತೊಟ್ಟಿಲಿನಲ್ಲಿ, ಮೂರೂ ಹನ್ನೆರಡರಿಂದ ನಾಲ್ಕರ ನಡುವೆ. ಹುಡುಗರು ಮೂರು ದಿನದಿಂದ ತೊಟ್ಟಿಲಿನ ಕ್ಲಾಸನ್ನು ಅಡಿಯಿಂದ ಮುಡಿಯವರೆಗೆ ಜಾಲಾಡಿ, ಎಲ್ಲ ಸರಿ ಇದೆ ಎಂದು ಬರೆದುಕೊಟ್ಟಿದ್ದಾರೆ. ನೀವೊಮ್ಮೆ ನೋಡಿ ಎಂದು ಕೇಳಿಕೊಂಡರು.

ಕ್ಲಾಸ್ ಎಂದರೆ ಹೆದರಬೇಕಾದ್ದೇನಿಲ್ಲ, ಅದು ಕರ್ಜಿಕಾಯಿಯ ಅಚ್ಚು. ಕನ್‌ಸ್ಟ್ರಕ್ಟರ್ ಎಂಬುದು ಅಚ್ಚಿನಲ್ಲಿ ಹೂರಣ ತುಂಬುವ ಕೈ. ಹೊಸ ಕೂಸು ದಾಖಲಾದಾಗ ಆ ಕೈ ಅಚ್ಚಿಗೆ ಎರಡು ಸಂಗತಿ ತುಂಬುತ್ತದೆ: ಕೂಸಿನ ತೂಕ, ಮತ್ತು ಅದು ತಡೆಯಬಲ್ಲ ಕನಿಷ್ಠ ಉಷ್ಣತೆ. ಹಾಗೆ ಒಮ್ಮೆ ತಯಾರಾದದ್ದು ಕಂಪ್ಯೂಟರಿನ ನೆನಪಿನಲ್ಲಿ ವರ್ಷವಿಡೀ ಇದ್ದು ಆ ಮನೆಯ ತೊಟ್ಟಿಲನ್ನು ಆಳುತ್ತದೆ. ಆದರೆ ಕರ್ಜಿಕಾಯಿಯನ್ನು ಹೊರಗಿನಿಂದ ನೋಡಿ ಒಳಗೆ ಹೂರಣ ಇದೆಯೋ ಇಲ್ಲವೋ ಯಾರು ಹೇಳಬಲ್ಲರು?

ಮಹಾನಂದಾ ಅಚ್ಚನ್ನು ನೋಡಲೇ ಇಲ್ಲ. ಹುಡುಗರು ನೋಡಿದ್ದಾರೆ, ಅದು ಸರಿಯೇ ಇದ್ದೀತು. ಅವಳು ಸತ್ತ ಮೊದಲ ಕೂಸಿನ ತೊಟ್ಟಿಲನ್ನು ಕಂಪ್ಯೂಟರಿನ ನೆನಪಿನಿಂದ ಹೊರಗೆಳೆದು, ಒಳಗೇನಿದೆ ಎಂದು ಬಿಚ್ಚಿ ನೋಡಿದಳು.

ತೂಕದ ಮುಂದೆ ಖಾಲಿ. ಕನಿಷ್ಠ ಉಷ್ಣತೆಯ ಮುಂದೆ ಖಾಲಿ.

ಎರಡನೆಯದು ತೆಗೆದಳು, ಹಾಗೇ. ಮೂರನೆಯದು, ಅದೂ ಹಾಗೇ. ಪಿಎಚ್‌ಪಿಯ ಸ್ವಭಾವ ಅವಳಿಗೆ ಗೊತ್ತಿತ್ತು. ಇಲ್ಲದ ವೇರಿಯಬಲ್ಲನ್ನು, ಎಂದರೆ ಅಂಕಿ ತುಂಬಿಡುವ ಬಟ್ಟಲನ್ನು, ಕೊಟ್ಟರೆ ಅದು ಒಂದು ಎಚ್ಚರಿಕೆ ಬರೆದು, ಆ ಜಾಗದಲ್ಲಿ ‘ಏನೂ ಇಲ್ಲ’ ಎಂಬುದನ್ನಿಟ್ಟು ಮುಂದಕ್ಕೆ ಹೋಗುತ್ತದೆ. ಆಮೇಲೆ ತೊಟ್ಟಿಲು ಪ್ರತಿ ನಿಮಿಷ ಕೇಳಿಕೊಳ್ಳುತ್ತದೆ: ಒಳಗಿನ ಉಷ್ಣತೆ ಕನಿಷ್ಠಕ್ಕಿಂತ ಇಳಿಯಿತೇ? ಕನಿಷ್ಠವೇ ‘ಏನೂ ಇಲ್ಲ’ ಆದಾಗ ಅದಕ್ಕಿಂತ ಕಡಿಮೆ ಯಾವುದಾದರೂ ಇರುವುದುಂಟೇ? ಹದಿನೆಂಟಕ್ಕೂ ಉತ್ತರ ಇಲ್ಲ, ಎಂಟಕ್ಕೂ ಇಲ್ಲ. ಯಂತ್ರ ನಿಲ್ಲುವುದಿಲ್ಲ, ಮುಚ್ಚಳ ಬಿಡುವುದಿಲ್ಲ. ಹೊರಗೆ ನಲವತ್ತಾರಿದ್ದಾಗ ಯಂತ್ರ ಆಗಾಗ ಓಡುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಈ ವಾರ ಅದು ನಾಲ್ಕು ಗಂಟೆ ಎಡೆಬಿಡದೆ ಓಡಿತ್ತು.

ತಂಪಿಗೆ ಕೂಸು ಮೊದಲು ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹೊರಗೆ ಕೂತ ತಾಯಿ, ಪಾಪ, ಎಷ್ಟು ಚೆನ್ನಾಗಿ ನಿದ್ದೆ ಹೋಯಿತು ಎಂದುಕೊಳ್ಳುತ್ತಾಳೆ. ಬೆಳಿಗ್ಗೆ ಮಗಳು ಹೇಳಿದ ಮಾತು ಮಹಾನಂದಾಳಿಗೆ ನೆನಪಾಯಿತು.

ಯಾವ ತೊಟ್ಟಿಲುಗಳಲ್ಲಿ ಕನಿಷ್ಠ ಖಾಲಿ ಇದೆ ಎಂದು ಕೇಳಿದಳು. ಪರದೆಯ ಮೇಲೆ ನಾನೂರ ಹನ್ನೆರಡು ಸಾಲು ಬಂದವು. ಒಂದರಲ್ಲೂ ಕೂಸಿನ ಹೆಸರಿರಲಿಲ್ಲ. ತಾಯಿಯ ಹೆಸರುಗಳ ಕಾಲಮ್ಮಿನಲ್ಲಿ ಕಣ್ಣಾಡಿಸುತ್ತಾ ಹೋದವಳು ಒಂದು ಕಡೆ ನಿಂತಳು. ದಾನೇಶ್ವರಿ ಹೊಸಮನಿ. ಒಳಗಿನ ಉಷ್ಣತೆ ಇಪ್ಪತ್ತು. ಹನ್ನೆರಡೂ ನಲವತ್ತಾಗಿತ್ತು.

ಫೋನು ಹಚ್ಚಿದಳು. ಮಗಳು ಮೆಲ್ಲಗೆ ಮಾತಾಡಿದಳು, ಕೂಸು ಏಳಬಾರದೆಂದು.

“ದಾನಿ, ಮುಚ್ಚಳ ತಗಿ.”

“ತೆಗೀಲಿಕ್ಕೆ ಬರಲ್ಲಲ್ಲವ್ವಾ, ಬಿಗಿದದ. ಕೂಸು ಮಲ್ಕೊಂಡದ, ಯಾಕ?”

“ಅದನ್ನ ಮಲಗ್ಲಿಕ್ಕೆ ಬಿಡಬ್ಯಾಡ. ಮುಚ್ಚಳ ಬಡಿ, ಕೂಗು, ಏನರ ಮಾಡು, ಅದು ಅಳಬೇಕು. ಅಳೋದು ನಿಂತ್ರ ನನಗ ಹೇಳು.”

ಯಾಕೆ ಎಂದು ದಾನೇಶ್ವರಿ ಮತ್ತೆ ಕೇಳಲಿಲ್ಲ. ಫೋನನ್ನು ನೆಲಕ್ಕಿಟ್ಟ ಸದ್ದಾಯಿತು, ಆಮೇಲೆ ಅಂಗೈಯಿಂದ ಪ್ಲಾಸ್ಟಿಕ್ಕನ್ನು ಬಡಿಯುವ ಸದ್ದು. ಸ್ವಲ್ಪ ಹೊತ್ತಿಗೆ ಸುತ್ತಿಗೆಯೋ ಏನೋ ತಂದು ಬಡಿಯತೊಡಗಿದಳು. ಆ ಮುಚ್ಚಳ ಒಡೆಯದ ಹಾಗೆ ಮಾಡಿದ್ದೇ ತಮ್ಮ ಮಂಡಳಿ ಎಂಬುದು ಮಹಾನಂದಾಳಿಗೆ ಚೆನ್ನಾಗಿ ಗೊತ್ತಿತ್ತು. ಕೂಸು ಸಣ್ಣಗೆ ಅತ್ತಿತು. ಅವಳು ಫೋನನ್ನು ಮೇಜಿನ ಮೇಲೆ ಹಾಗೇ ತೆರೆದಿಟ್ಟುಕೊಂಡು ಕೀಲಿಮಣೆಗೆ ಕೈಹಚ್ಚಿದಳು.

ಪಟೇಲರಿಗೆ ನಾಲ್ಕು ಮಾತಿನಲ್ಲಿ ಹೇಳಿದಳು. ಅವರು ಎಲ್ಲ ತೊಟ್ಟಿಲುಗಳನ್ನೂ ಒಮ್ಮೆಗೇ ನಿಲ್ಲಿಸೋಣ ಎಂದರು. ನಿಲ್ಲಿಸಿ ಮತ್ತೆ ಎಬ್ಬಿಸಲು ಇಪ್ಪತ್ತೈದು ನಿಮಿಷ ಬೇಕು. ಗಾಳಿ ನಿಂತ, ಮುಚ್ಚಳ ಬಿಗಿದ ಡಬ್ಬಿಯಲ್ಲಿ, ಐವತ್ತೊಂದು ಡಿಗ್ರಿಯಲ್ಲಿ, ಹನ್ನೊಂದು ಸಾವಿರ ಕೂಸುಗಳು. ಲೆಕ್ಕ ಹಾಕುವಷ್ಟರಲ್ಲಿ ಅವರೇ ಬೇಡ ಬೇಡ ಎಂದು ತಲೆಯಾಡಿಸಿ ಕೂತುಬಿಟ್ಟರು.

ಹಾಗಾದರೆ ಖಾಲಿ ಎಲ್ಲಿಂದ ಬಂತು? ಅಚ್ಚಿನಲ್ಲಿ ತಪ್ಪಿಲ್ಲ, ತುಂಬುವ ಕೈಗೆ ಯಾರು ಏನು ಕೊಟ್ಟರು ಎಂದು ಹಿಂದಕ್ಕೆ ನಡೆಯಬೇಕು. ಹುಡುಗರು ಮಾಡದೆ ಬಿಟ್ಟದ್ದು ಇದನ್ನೇ. ಮಹಾನಂದಾ ಕನ್‌ಸ್ಟ್ರಕ್ಟರನ್ನು ಕರೆಯುವ ಫೈಲು ತೆರೆದಳು. ಎಷ್ಟೋ ವರ್ಷದಿಂದ ಯಾರೂ ತೆರೆಯದ ಫೈಲು. ಅಲ್ಲಿ ತೂಕವನ್ನೂ ಕನಿಷ್ಠವನ್ನೂ ಲೆಕ್ಕ ಹಾಕುವ ಎರಡು ಸಾಲುಗಳು ಒಂದು ಷರತ್ತಿನ ಒಳಗಿದ್ದವು: ಹೆಸರು ತುಂಬಿದ್ದರೆ ಮಾತ್ರ. ಮೊದಲು ಬರೆದವನು ಯಾವ ಊರಿನವನೋ, ಹೆಸರಿಲ್ಲದ ಅರ್ಜಿ ಎಂದರೆ ಅರ್ಧ ತುಂಬಿದ ಅರ್ಜಿ ಎಂದುಕೊಂಡಿದ್ದ. ಹುಟ್ಟಿ ಹದಿಮೂರು ದಿನ ಹೆಸರಿಲ್ಲದೆ ಇರುವ ಮನುಷ್ಯರಿದ್ದಾರೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಹೆಸರು ಖಾಲಿಯಿದ್ದರೆ ಆ ಎರಡು ವೇರಿಯಬಲ್‌ಗಳು ಹುಟ್ಟುವುದೇ ಇಲ್ಲ. ಆದರೂ ಮುಂದಿನ ಸಾಲು ಅವನ್ನು ಕನ್‌ಸ್ಟ್ರಕ್ಟರಿನ ಕೈಗೆ ಕೊಡುತ್ತದೆ.

ಇಷ್ಟು ವರ್ಷ ಯಾಕೆ ಏನೂ ಆಗಲಿಲ್ಲ ಎಂಬುದೂ ಅವಳಿಗೆ ನೆನಪಾಯಿತು. ಹೆರಿಗೆ ಆಸ್ಪತ್ರೆಗಳ ದಾದಿಯರು ಹೆಸರಿನ ಜಾಗದಲ್ಲಿ ‘ಕೂಸು’ ಎಂದು ಹೊಡೆದು ಕೆಲಸ ಸಾಗಿಸುತ್ತಿದ್ದರು. ಹೋದ ತಿಂಗಳು ಮೇಲಿನವರಿಗೆ ಶಿಸ್ತು ಮೈಮೇಲೆ ಬಂದು, ಹೆಸರಲ್ಲದ್ದನ್ನು ಹೆಸರೆಂದು ಬರೆಯಕೂಡದು, ಖಾಲಿ ಬಿಡಿ ಎಂದು ಆದೇಶ ಹೊರಡಿಸಿದ್ದರು. ‘ಕೂಸು’ ಎಂದು ಹೊಡೆದರೆ ಕಂಪ್ಯೂಟರ್ ತಳ್ಳಿಹಾಕುವ ಹಾಗೂ ಮಾಡಿದ್ದರು. ದಾದಿಯರು ಹೇಳಿದ ಹಾಗೆ ಕೇಳಿದರು.

ಎಚ್ಚರಿಕೆಯಾದರೂ ಬರಬೇಕಿತ್ತಲ್ಲ? ಮಹಾನಂದಾ ಕನ್‌ಸ್ಟ್ರಕ್ಟರನ್ನು ಕರೆಯುವ ಸಾಲನ್ನು ಮತ್ತೊಮ್ಮೆ ನೋಡಿದಳು. ಸಾಲಿನ ಮುಂದೆ ಒಂದು ಸುರುಳಿ ಚಿಹ್ನೆ, ಈಮೇಲ್ ವಿಳಾಸದ ನಡುವೆ ಇರುತ್ತದಲ್ಲ, ಅದು. ಪಿಎಚ್‌ಪಿಯಲ್ಲಿ ಅದನ್ನು ಹಾಕಿದರೆ ಆ ಸಾಲು ಎಚ್ಚರಿಕೆ ಕೊಡದೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಚ್ಚನ್ನೂ ತೆರೆದರೆ ಅಲ್ಲಿ ತೂಕ, ಕನಿಷ್ಠಗಳ ಪಕ್ಕ ಒಂದೊಂದು ಪ್ರಶ್ನೆಚಿಹ್ನೆ. ಎಂದರೆ ‘ಏನೂ ಇಲ್ಲ’ ಬಂದರೂ ಒಪ್ಪಿಕೋ, ಜಗಳ ತೆಗೆಯಬೇಡ ಎಂದು. ಸುರುಳಿ ಇದ್ದ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಇತ್ತು: ‘ತಾತ್ಕಾಲಿಕ. ನಾಳೆ ಸರಿಪಡಿಸಬೇಕು. ಮ. ಹೊ.’ ಹದಿನಾಲ್ಕು ವರ್ಷದ ಹಿಂದಿನ ತಾರೀಕು.

ಮ. ಹೊ. ಎಂದರೆ ಅವಳೇ.

ತೊಟ್ಟಿಲುಗಳ ಉದ್ಘಾಟನೆಯ ದಿನ. ಹೆಸರಿಲ್ಲದ ಅರ್ಜಿ ಬಂದಾಗಲೆಲ್ಲ ಕಂಪ್ಯೂಟರ್ ಬೀಳುತ್ತಿತ್ತು, ಸಂಜೆಗೆ ಮಂತ್ರಿಗಳು ಬರುವವರಿದ್ದರು, ಸಾಹೇಬರು ತಲೆಯ ಮೇಲೆ ನಿಂತು ಅರಚುತ್ತಿದ್ದರು. ಆ ಚಿಹ್ನೆಗಳನ್ನು ಹಾಕಿ ಅವಳು ಎಲ್ಲರ ಬಾಯಿ ಮುಚ್ಚಿಸಿದ್ದಳು. ಮರುದಿನ ದಾದಿಯರು ‘ಕೂಸು’ ಎಂದು ಹೊಡೆಯತೊಡಗಿದ್ದರಿಂದ ತೊಂದರೆಯೇ ಕಾಣಲಿಲ್ಲ, ಅವಳು ಮರೆತಳು. ಯಾರು ಮರೆಯುವುದಿಲ್ಲ? ಆದರೆ ಆ ಮಾತು ಈಗ ಅವಳಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಮೂರು ಕೂಸುಗಳನ್ನು ತಾನು ಕೈಯಾರೆ ಕೊಂದೆ ಎಂದೇ ಅನಿಸಿತು, ನಾಲ್ಕನೆಯದು ತನ್ನ ಮನೆಯಲ್ಲೇ ಇತ್ತು.

ಫೋನಿನಲ್ಲಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಅಳು ಮೊದಲಿಗಿಂತ ಸಣ್ಣದಾಗಿತ್ತು. ಪರದೆಯಲ್ಲಿ ಹದಿನೆಂಟು.

ಸುರುಳಿಯನ್ನೂ ಪ್ರಶ್ನೆಚಿಹ್ನೆಗಳನ್ನೂ ಅಳಿಸಿ, ಎರಡು ಸಾಲುಗಳನ್ನು ಷರತ್ತಿನಿಂದ ಹೊರಗೆ ತಂದಳು. ಅದರಿಂದ ನಾಳೆ ಹುಟ್ಟುವ ಕೂಸುಗಳಿಗೆ ಉಪಕಾರವಾದೀತು, ಇವತ್ತು ಡಬ್ಬಿಯಲ್ಲಿರುವವಕ್ಕಲ್ಲ. ಕನ್‌ಸ್ಟ್ರಕ್ಟರ್ ಓಡುವುದು ಒಂದೇ ಸಲ. ಅದನ್ನು ಮತ್ತೆ ಓಡಿಸಬೇಕೆಂದರೆ ಒಂದೇ ದಾರಿಯಿತ್ತು. ಹೆಸರಿಟ್ಟ ದಿನ ಮನೆಯವರು ಹೆಸರು ತುಂಬಿದಾಗ ಹಳೆಯ ದಾಖಲೆ ಅಳಿದು ತೊಟ್ಟಿಲು ಹೊಸದಾಗಿ ತಯಾರಾಗುತ್ತಿತ್ತು. ಅಂದರೆ ಎಲ್ಲಕ್ಕೂ ಈಗಲೇ ಹೆಸರಿಡಬೇಕು. ‘ಕೂಸು’ ನಡೆಯದು, ನಿಜವಾದ ಹೆಸರೇ ಬೇಕು. ನಾನೂರ ಹನ್ನೆರಡು ಹೆಸರು ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ಕಣ್ಣು ಪಕ್ಕದ ಕಾಲಮ್ಮಿಗೆ ಹೋಯಿತು. ತಾಯಂದಿರ ಹೆಸರು. ಗಂಡಾಗಲಿ ಹೆಣ್ಣಾಗಲಿ, ಹೆತ್ತವಳ ಹೆಸರೇ ಕೂಸಿಗೆ ಎಂದು ನಿರ್ಧರಿಸಿಬಿಟ್ಟಳು.

ಅದಕ್ಕೊಂದು ಪುಟ್ಟ ಪ್ರೋಗ್ರಾಮ್ ಬರೆದು ಮುಗಿಸಿದಾಗ ಒಂದು ಗಂಟೆ ದಾಟಿತ್ತು. ಎಲ್ಲದರ ಮೇಲೂ ಅದನ್ನು ಆಗಲೇ ಓಡಿಸಲು ಕೈ ಹೋಯಿತು. ಪಟೇಲರು ತಡೆದರು.

“ಮೊದಲು ಒಂದರ ಮ್ಯಾಲ ನೋಡ್ರಿ, ಮೇಡಂ. ತಪ್ಪಿದ್ರ ಗಾಳೀನೂ ನಿಲ್ತದ.”

ಯಾವುದರ ಮೇಲೆ ನೋಡುವುದು? ಯಾರ ಮನೆಯ ಕೂಸಿನ ಮೇಲೆ? ಪಟೇಲರು, ಸತ್ತ ಕೂಸುಗಳ ತೊಟ್ಟಿಲುಗಳನ್ನು ಇನ್ನೂ ಯಾರೂ ತಂದುಕೊಟ್ಟಿಲ್ಲ, ಅವು ಖಾಲಿಯೇ ಓಡುತ್ತಿವೆ ಎಂದರು. ನಿಜ, ಪಟ್ಟಿಯಲ್ಲಿ ಆ ಮೂರೂ ಇದ್ದವು. ಯಾರೂ ಇಲ್ಲದ ಹಾಸಿಗೆಯನ್ನು ಹನ್ನೊಂದು ಡಿಗ್ರಿಯಲ್ಲಿ ತಂಪು ಮಾಡುತ್ತಾ ಕೂತಿದ್ದವು.

ಮೊದಲ ಹೆಸರು ಬಿದ್ದದ್ದು ಹಾಗೆ, ಇಲ್ಲದ ಕೂಸಿಗೆ. ಓಡಿಸಿದಳು. ಗಾಳಿ ನಿಂತಿತು, ತೊಟ್ಟಿಲು ಉತ್ತರ ಕೊಡಲಿಲ್ಲ. ಮಹಾನಂದಾ ಪರದೆಗೆ ಮುಖ ಅಂಟಿಸಿ ನೋಡಿದಳು. ಈ ಸಲ ಎಚ್ಚರಿಕೆಯ ಬಾಯಿ ಮುಚ್ಚಿರಲಿಲ್ಲ, ಅದು ನೆಟ್ಟಗೆ ಹೇಳಿತು: ‘ತೂಕ’ ಎಂಬ ವೇರಿಯಬಲ್ ಇಲ್ಲ. ಗಡಿಬಿಡಿಯಲ್ಲಿ ಅವಳು ಕನಿಷ್ಠವನ್ನು ಲೆಕ್ಕ ಹಾಕುವ ಸಾಲನ್ನು ತೂಕದ ಸಾಲಿಗಿಂತ ಮೇಲಿಟ್ಟಿದ್ದಳು, ತೂಕ ಹುಟ್ಟುವ ಮೊದಲೇ ಅದನ್ನು ಕೇಳಿದ್ದಳು. ಒಳಗೆ ಕೂಸಿದ್ದಿದ್ದರೆ? ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಸಾಲುಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿದಳು. ಹನ್ನೊಂದು. ಹನ್ನೊಂದು. ಹನ್ನೆರಡು. ಹದಿಮೂರು. ಯಾವುದೋ ಓಣಿಯ ಕೂಸಿಲ್ಲದ ಮನೆಯೊಂದರಲ್ಲಿ ಮುಚ್ಚಳ ಬಿಟ್ಟುಕೊಂಡಿತು.

“ಅವ್ವಾ.” ಫೋನಿನಲ್ಲಿ ದಾನೇಶ್ವರಿಯ ದನಿ. “ಅಳ್ಳಿಕತ್ತಿಲ್ಲ.”

ಮಹಾನಂದಾ ಪಟ್ಟಿಯ ಕಡೆ ನೋಡಿದಳು. ಒಂದೊಂದಕ್ಕೆ ಎರಡು ಸೆಕೆಂಡು. ತನ್ನ ಮೊಮ್ಮಗಳನ್ನು ಮೊದಲಿಗೆ ಹಾಕಲು ಒಂದು ಬೆರಳು ಒತ್ತಿದರೆ ಸಾಕಿತ್ತು. ಪಟೇಲರು ಬೇಕೆಂದೇ ಗೋಡೆಯ ಕಡೆ ತಿರುಗಿ ನಿಂತರು. ಆದರೆ ಅದರಲ್ಲಿ ಹದಿನಾರು ಇತ್ತು. ಹದಿಮೂರರಲ್ಲಿ, ಹದಿನಾಲ್ಕರಲ್ಲಿ ಬೇರೆಯವರ ಕೂಸುಗಳು ಇದ್ದವು. ಅವುಗಳ ತಾಯಂದಿರಿಗೆ ಮುಚ್ಚಳ ಬಡಿ ಎಂದು ಹೇಳಲು ಯಾರೂ ಫೋನು ಮಾಡಿರಲಿಲ್ಲ. ಬಹಳ ತಂಪಾದದ್ದು ಮೊದಲು ಎಂದು ಪಟ್ಟಿಯನ್ನು ಜೋಡಿಸಿದಳು. ಮೊಮ್ಮಗಳು ಐವತ್ತೆಂಟನೆಯವಳಾದಳು.

“ಬಡಿಯೋದು ನಿಲ್ಲಿಸಬ್ಯಾಡ,” ಎಂದಳು. ಓಡಿಸಿದಳು.

ಸುಮಾರು ಎರಡು ನಿಮಿಷ. ಹೆಸರುಗಳು ಒಂದರ ಕೆಳಗೊಂದು ಬೀಳತೊಡಗಿದವು. ಗುರುಬಾಯಿ. ನಸೀಮಾ. ಚನ್ನಮಲ್ಲಮ್ಮ. ಎಸ್ತೇರಮ್ಮ. ಮಗಳು ಫೋನಿನಲ್ಲಿ ಏನೇನೋ ಕೂಗುತ್ತಿದ್ದಳು, ಕೂಸನ್ನು ಬೈಯುತ್ತಿದ್ದಳು, ಕೈಮುಗಿದು ಕೇಳಿಕೊಳ್ಳುತ್ತಿದ್ದಳು. ಕರೆಯಲು ಅವಳಿಗೆ ಒಂದು ಹೆಸರೂ ಇರಲಿಲ್ಲ. ಮಹಾನಂದಾ ಎಂದೂ ಅಷ್ಟು ಹೆದರಿರಲಿಲ್ಲ. ಗಂಡ ಸತ್ತ ದಿನವೂ ಹೆದರಿರಲಿಲ್ಲ.

ದಾನೇಶ್ವರಿ ಎಂಬ ಸಾಲು ಬಿತ್ತು. ಹದಿನಾರು. ಹದಿನಾರು. ಹದಿನೇಳು. ಫೋನಿನಲ್ಲಿ ಮುಚ್ಚಳ ಬಿಟ್ಟುಕೊಂಡ ಸದ್ದು, ಮಗಳ ಒಂದು ಚೀತ್ಕಾರ, ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ, ಅಥವಾ ಅವಳಿಗೆ ಹಾಗನಿಸಿತು, ಒಂದು ಸಣ್ಣ ಕೆಮ್ಮು, ಅದರ ಹಿಂದೆಯೇ ಕಿವಿ ಹರಿಯುವಂಥ ಅಳು. ಪಟೇಲರು ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ಪಟ್ಟಿ ಮುಗಿಯುವವರೆಗೆ ಮಹಾನಂದಾ ಜಾಗ ಬಿಟ್ಟು ಏಳಲಿಲ್ಲ. ನಾನೂರ ಹನ್ನೆರಡರಲ್ಲೂ ಅಂಕಿ ಏರಿತು.

ಮನೆಗೆ ಬಂದಾಗ ನಾಲ್ಕೂವರೆ. ದಾನೇಶ್ವರಿ ಕೂಸನ್ನು ರವಿಕೆಯೊಳಗೆ ಎದೆಗೆ ಅವುಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಬಲ ಅಂಗೈ ಬಾತು ನೀಲಿಯಾಗಿತ್ತು. ಆಸ್ಪತ್ರೆಯವರು ಬಂದು ನೋಡಿ, ಕೂಸಿಗೆ ಏನೂ ಭಯವಿಲ್ಲ ಎಂದು ಹೇಳಿಹೋಗಿದ್ದರು. ಮಹಾನಂದಾ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಆ ಚಿಹ್ನೆಗಳನ್ನು ಹಾಕಿದ್ದು ತಾನೇ ಎಂಬುದನ್ನೂ ಬಿಡಲಿಲ್ಲ. ಕಾಗದದಲ್ಲಿ ಕೂಸಿಗೆ ಸದ್ಯ ನಿನ್ನದೇ ಹೆಸರಿದೆ, ಸೋದರತ್ತೆಯ ಕೈಕಾಲು ಹಿಡಿದಾದರೂ ಸಮಾಧಾನ ಮಾಡುತ್ತೇನೆ ಎಂದಳು. ಹೇಳಿ ಮುಗಿಸಿ ಕೂಸಿಗಾಗಿ ಎರಡೂ ಕೈ ಚಾಚಿದಳು.

ದಾನೇಶ್ವರಿ ಕೊಡಲಿಲ್ಲ.

“ಆ ಮೂರು ಕೂಸಿಗೂ ಹೆಸರು ಬಿತ್ತೇನು?”

“ಬಿತ್ತು. ಪಟ್ಟಿಯೊಳಗ ಇದ್ವು.”

“ಯಾಕ ಸತ್ತವಂತ ಅವರವ್ವಂದಿರಿಗೆ ಗೊತ್ತದ ಏನು?”

ಮಹಾನಂದಾ ಇಲ್ಲ ಎಂದಳು. ಮಂಡಳಿಯವರು ಸೋಮವಾರ ಸಭೆ ಸೇರಿ ಏನು ಹೇಳಬೇಕೆಂದು ತೀರ್ಮಾನಿಸುತ್ತಾರೆ ಎಂದಳು.

“ಮಲಗಿದ್ದಕ್ಕ ಕೊಂದಳು ಅಂತ ಒಬ್ಬಾಕಿನ್ನ ಹೊರಗ ಹಾಕ್ಯಾರ. ಸೋಮವಾರತನಕ ಆಕಿ ಅದನ್ನೇ ನಂಬಿಕೊಂಡು ಕೂಡಬೇಕಾ? ಹೋಗಿ ಹೇಳಿ ಬಾ, ಅವ್ವಾ. ನೀನಾ ಹೇಳು. ಆಮ್ಯಾಲ ಬಂದು ಇದನ್ನ ಎತ್ಕೊ.”

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಹಾನಂದಾಳನ್ನು ಹೆಚ್ಚು ಹೆದರಿಸಿತು. ಅವಳು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಕೂಸು ಎದೆಯೊಳಗಿಂದ ಒಂದು ಕೈ ಹೊರಗೆ ಹಾಕಿ ಮಡಚಿತು. ಮುಟ್ಟಬೇಕೆಂದು ಜೀವ ಹಪಹಪಿಸಿತು, ಮುಟ್ಟಲಿಲ್ಲ.

ಪಟೇಲರಿಗೆ ಫೋನು ಮಾಡಿ ಆ ಬಾಣಂತಿಯ ತವರಿನ ವಿಳಾಸ ಕೇಳಿದಳು. ಮಂಡಳಿಯ ಅಪ್ಪಣೆಯಿಲ್ಲದೆ ಹೋದರೆ ನೌಕರಿ ಹೋದೀತು, ಜೈಲೂ ಆದೀತು ಎಂದು ಅವರು ಎಚ್ಚರಿಸಿದರು. ಆಮೇಲೆ ವಿಳಾಸ ಹೇಳಿದರು. ಮಹಾನಂದಾ ಸೆರಗನ್ನು ತಲೆಗೆ ಸುತ್ತಿಕೊಂಡು ಬಿಸಿಲಿಗಿಳಿದಳು.

ಆ ಮನೆ ಎರಡು ಓಣಿ ಆಚೆಗಿತ್ತು. ಕದ ತೆರೆದದ್ದು ಇಪ್ಪತ್ತು ವರ್ಷದ ಹುಡುಗಿ. ಕುಪ್ಪಸದ ಎದೆಯಲ್ಲಿ ಹಾಲಿನ ಕಲೆ ಒದ್ದೆಯಾಗಿತ್ತು. ಯಾರೆಂದು ಕೇಳುವ ಮೊದಲೇ, ಬೈಯಲು ಬಂದವರ ಮುಂದೆ ನಿಲ್ಲುವ ಹಾಗೆ, ಅವಳು ತಲೆ ತಗ್ಗಿಸಿ ನಿಂತಳು.

“ನೀ ಏನೂ ಮಾಡಿಲ್ಲವ್ವ,” ಎಂದಳು ಮಹಾನಂದಾ. “ಮಾಡಿದಾಕಿ ನಾನು.”